ಅತ್ತಿಯವ್ರ ಬೆನ್ನಾಗಿನ ಗಂಟು

ನಮ್ಮ ಅತ್ತಿಯವ್ರ ಆಪರೇಶನ್ ಆಗಿ ಎಂಟು ತಿಂಗಳಾತು. ಫೋನ್ ಮಾಡಿದವ್ರೆಲ್ಲಾ ಒಂದ ಪ್ರಶ್ನಿ ಕೇಳ್ತಾರ, "ಬೆನ್ನಾಗ ಗಂಟು ಅಂದ್ರ ಏನವಾ ಅದು? ಕ್ಯಾನ್ಸರ್ ಏನು? ಈಗ ನಡೀತಾರ?" ಒಬ್ಬೊಬ್ರಿಗೂ ಹೇಳಿ ಹೇಳಿ ನಂಗೂ ಸಾಕಾಗೇದ, ಅದಕ್ಕ ಎಲ್ಲಾ ಒಂದ ಕಡೆ ಬರದ ಇಡ್ತೇನಿ. ಅಲ್ದ, ಈ ಜಾತಿ ಗಂಟು ಗಂಡಸರಿಗಿಂತ ಹೆಣ್ಮಕ್ಕಳಿಗೇ ಹೆಚ್ಚು ಬರ್ತದಂತ, ಅದೂ ನಡುವಯಸ್ಸು ದಾಟಿದ ಮ್ಯಾಲ. ಕಾಲು ಜೋಮು ಹಿಡದ್ರ "ವಯಸ್ಸಾತು ಬಿಡು" ಅಂತ ಸುಮ್ನ ಕೂಡೋರೂ ನಾವ.

ಅತ್ತಿಯವ್ರಿಗೆ 64. ಶುರು ಆದದ್ದು ಬೆನ್ನಿನ ನೋವಿಂದ. ಸೊಂಟ ಅಲ್ಲ, ಅದಕ್ಕಿಂತ ಮ್ಯಾಲ, ಎರಡೂ ರೆಕ್ಕಿ ಎಲುಬಿನ ಕೆಳಗ. ಹಗಲು ಕೆಲಸದಾಗ ಇದ್ದಾಗ ಗೊತ್ತಾಗ್ತಿರ್ಲಿಲ್ಲ, ರಾತ್ರಿ ಅಡ್ಡಾದ್ರ ಹೆಚ್ಚಾಗ್ತಿತ್ತು. ಎದಿ ಸುತ್ತ ಯಾರೋ ಪಟ್ಟಾ ಬಿಗದಂಗ ಆಗ್ತದ ಅಂತಿದ್ರು. ಆಮ್ಯಾಲ ಕಾಲು. ಅರವಿ ಮ್ಯಾಲ ಕಾಲಿಟ್ಟಂಗ, ಹತ್ತಿ ಮ್ಯಾಲ ನಡದಂಗ. ಮುಖಕ್ಕ ಸಾಬೂನು ಹಚ್ಚಿ ಕಣ್ಣು ಮುಚ್ಚಿದ್ರ ಸಾಕು, ತೂರಾಡಿ ಗ್ವಾಡಿ ಹಿಡೀತಿದ್ರು. ಒಂದಿನ ಗುಡಿಗೆ ಹೋಗೋ ದಾರಿಯೊಳಗ ಬಲಗಾಲಿನ ಚಪ್ಪಲಿ ಕಳಚಿ ಹಿಂದ ಉಳದದ, ಇವ್ರಿಗೆ ಗೊತ್ತ ಇಲ್ಲ. ಬಾಜೂ ಮನಿ ಹುಡಿಗಿ ಕೈಯಾಗ ಹಿಡ್ಕೊಂಡ ಓಡಿ ಬಂದು "ಅಜ್ಜೀ, ನಿಮ್ಮ ಚಪ್ಪಲಿ" ಅಂದಾಗನ ಕಾಲು ನೋಡ್ಕೊಂಡ್ರು.

ಒಬ್ಬ ಡಾಕ್ಟರು ಮೊಣಕಾಲಿನ ಎಕ್ಸ್‌ರೇ ತಗಸಿ "ಸವದಾವ" ಅಂತ ಗುಳಿಗಿ ಕೊಟ್ರು, ಅದರಾಗ ಆರು ತಿಂಗಳು ಹೋತು. ಮೊಣಕಾಲು ಸವದಿದ್ದು ಖರೇನ ಇತ್ತು. ಅರವತ್ತು ದಾಟಿದವ್ರದ್ದು ಯಾರದ್ದು ಸವದಿರೂದಿಲ್ಲ ಹೇಳ್ರಿ? ಆದ್ರ ಮೊಣಕಾಲು ಸವದವ್ರಿಗೆ ಚಪ್ಪಲಿ ಬಿದ್ದದ್ದು ಗೊತ್ತಾಗ್ತದ. ಇಷ್ಟ ನೆನಪಿಟ್ಕೋರಿ, ಉಳದದ್ದು ಮರತ್ರೂ ನಡೀತದ.

ಕಡೀಕ ಒಬ್ಬರು ಹಿರೇ ಡಾಕ್ಟರು ಹಿಡದ್ರು. ಯಂತ್ರ ಇಲ್ಲ, ಏನಿಲ್ಲ, ಕೀಲಿಕೈಲೆ ಅಂಗಾಲು ಗೀರಿದ್ರು. ನಮ್ಮ ನಿಮ್ಮ ಹೆಬ್ಬೆರಳು ಕೆಳಗ ಮುದುರ್ತದ, ಅತ್ತಿಯವ್ರದ್ದು ಮ್ಯಾಲ ಎದ್ತು. ಆಮ್ಯಾಲ ಸೂಜಿ ಚುಚ್ಕೋತ ಕಾಲಿಂದ ಹೊಟ್ಟಿಗೆ ಬಂದ್ರು. ಎದಿಗುಂಡಿಗಿ ಹತ್ರ ಬಂದಾಗ ಅತ್ತಿಯವ್ರು "ಹಾಂ, ಈಗ ಸಮಾ ಚುಚ್ಚೇತು" ಅಂದ್ರು. ಡಾಕ್ಟರು ಸೂಜಿ ಅಲ್ಲೇ ಇಟ್ಟು, "ತಕರಾರು ಕಾಲಾಗಿಲ್ಲ, ಇಲ್ಲಿ ಬೆನ್ನಾಗ ಅದ, ಎಂಆರ್‌ಐ ಮಾಡಸ್ರಿ" ಅಂತ ಬರದ್ರು. ಅವ್ರು ಹೇಳಿದ ಜಾಗಾದಾಗನ ಸಿಕ್ತು. ಎದಿ ಹಿಂದಿನ ಹನ್ನೆರಡು ಮಣಿಯೊಳಗ ಆರನೇದು, ರಿಪೋರ್ಟಿನಾಗ ಡಿ-6 ಅಂತ ಬರೀತಾರ.

ಅದು ಏನು ಅಂತ ನನಗ ತಿಳದಷ್ಟು ಹೇಳ್ತೇನಿ. ಬೆನ್ನೆಲುಬಿನ ಮಣಿ ಒಳಗ ಒಂದು ಹುರಿ ಇರ್ತದ, ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂಟಿಮೀಟರ್ ಉದ್ದ. ಕಾಲಿಗೆ, ಮೂತ್ರದ ಚೀಲಕ್ಕ ಎಲ್ಲಾ ಸುದ್ದಿ ಹೋಗೂದು ಬರೂದು ಅದರಾಗಿಂದ. ಅದರ ಸುತ್ತ ಪೊರಿ ಇರ್ತಾವ. ಅತ್ತಿಯವ್ರ ಗಂಟು ಆ ಪೊರಿಗೆ ಹುಟ್ಟಿದ್ದು, ಮೆನಿಂಜಿಯೋಮಾ ಅಂತಾರ. ಹುರಿ ಒಳಗ ಹೊಕ್ಕಿರ್ಲಿಲ್ಲ, ಬಾಜೂ ಕೂತು ಅದನ್ನ ಒತ್ತಿ ಒತ್ತಿ ರಿಬ್ಬನ್ ಮಾಡಿತ್ತು. ಇಂಥಾವು ಸಾವಕಾಶ ಬೆಳೀತಾವ, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹುರಿ ಒಳಗನ ಹುಟ್ಟೋವು ಬ್ಯಾರೆ, ಬ್ಯಾರೆ ಕಡೆಯ ಕ್ಯಾನ್ಸರ್ ಎಲುಬಿಗೆ ಬಂದು ಕೂಡೋದು ಇನ್ನೂ ಬ್ಯಾರೆ. ಅದಕ್ಕ ನಮ್ಮ ಅತ್ತಿಯವ್ರ ಕತಿ ಕೇಳಿ ಇನ್ನೊಬ್ಬರಿಗೆ "ಏನೂ ಆಗೂದಿಲ್ಲ" ಅಂತಲೂ ಅನಬ್ಯಾಡ್ರಿ, ಹೆದರಸೂದೂ ಬ್ಯಾಡ.

ಮನ್ಯಾಗ ಜಗಳ ಶುರು ಆತು. ಪುಣೆದಾಗಿನ ನಮ್ಮ ದೊಡ್ಡ ನಾದಿನಿ "ಬೆನ್ನಿಗೆ ಕತ್ತರಿ ಹಚ್ಚಿದ್ರ ಮುಗೀತು, ಹಾಸಿಗಿ ಹಿಡೀತಾಳ ಅವ್ವ" ಅಂತ ದಿನಾ ಫೋನು. ಮಗ ಎಲ್ಲೋ ಓದಿ "ಅತ್ಯಾ, ಲಂಡನ್ನಿನಾಗ ವಿಕ್ಟರ್ ಹಾರ್ಸ್ಲಿ ಅನ್ನೋ ಡಾಕ್ಟರು 1887ರಾಗನ ಇಂಥಾ ಗಂಟು ತಗದಾನ, ಆ ಮನಷಾ ಆಮ್ಯಾಲ ನಡದಾನ, ಆಗ ಎಂಆರ್‌ಐ ಅಲ್ಲ, ಎಕ್ಸ್‌ರೇನೂ ಇರ್ಲಿಲ್ಲ" ಅಂದ. ನಾದಿನಿ "ಲಂಡನ್ನಿನ ಮಾತು ನಮಗ್ಯಾಕ" ಅಂತ ಫೋನ್ ಇಟ್ಲು. ಸರ್ಜನ್ನರು ಮಾತ್ರ ನೆಟ್ಟಗ ಹೇಳಿದ್ರು, "ತಗದ್ರ ಕಾಲಿಗೆ ಅಪಾಯ ಇಲ್ಲ ಅಂತ ನಾ ಅನ್ನೂದಿಲ್ಲ. ಬಿಟ್ರ ಕಾಲು ಹೋಗೂದು ಗ್ಯಾರಂಟಿ. ಇವತ್ತು ಎಷ್ಟು ನಡೀತಾರ ಅದರ ಮ್ಯಾಲ ಮುಂದಿನ ಚೇತರಿಕಿ. ಪೂರಾ ಬಿದ್ದ ಮ್ಯಾಲ ತಂದ್ರ ನನ್ನ ಕೈಯಾಗ ಭಾಳ ಉಳ್ಯೂದಿಲ್ಲ."

ನಾವೆಲ್ಲಾ ಪಡಸಾಲ್ಯಾಗ ಕೂತು ಅತ್ತಿಯವ್ರ ಕಾಲಿನ ಬಗ್ಗೆ ಮಾತಾಡಾಕತ್ತಿದ್ವಿ, ಅವ್ರು ಒಳಗಿಂದ ಗ್ವಾಡಿ ಹಿಡ್ಕೊಂಡ ಬಂದ್ರು. "ಸಂಡಾಸಕ್ಕ ನನ್ನ ಕಾಲ್ಲೆ ನಾ ಹೋಗಬೇಕು. ಅದಕ್ಕ ಏನು ಮಾಡಬೇಕೋ ಅದನ್ನ ಮಾಡ್ರಿ" ಅಂದ್ರು. ಆ ಮಾತಿಗೆ ಯಾರದ್ದೂ ಉತ್ತರ ಇರ್ಲಿಲ್ಲ. ನಾಗರ ಪಂಚಮಿ ಮುಗದ ವಾರ ಹುಬ್ಬಳ್ಳಿಯೊಳಗ ಅಡ್ಮಿಟ್ ಮಾಡಿದ್ವಿ. ರೊಕ್ಕದ ಮಾತು ಕೇಳೋರಿಗೆ ಒಂದು, ಬಿಪಿಎಲ್ ಕಾರ್ಡ್ ಇದ್ದವ್ರು ಆಯುಷ್ಮಾನ್ ಯೋಜನೆ ಬಗ್ಗೆ ಅಡ್ಮಿಟ್ ಆಗೂಕಿಂತ ಮೊದಲ ಕೇಳ್ಕೋರಿ, ಆಮ್ಯಾಲ ಅಲ್ಲ.

ಆಪರೇಶನ್ ಬೋರಲು ಮಲಗಿಸಿ ಮಾಡ್ತಾರ. ಮಣಿಯ ಹಿಂದಿನ ಎಲುಬಿನ ಚೂರು ತಗದು, ಪೊರಿ ಸೀಳಿ, ಸೂಕ್ಷ್ಮದರ್ಶಕದಾಗ ನೋಡ್ಕೋತ ಗಂಟು ತುಣುಕು ತುಣುಕು ತಗದು, ಪೊರಿ ಮತ್ತ ಹೊಲೀತಾರ. ಕಾಲಿಗೆ ತಂತಿ ಹಚ್ಚಿ ಹುರಿಯೊಳಗ ಸುದ್ದಿ ಹರೀತದೋ ಇಲ್ಲೋ ನೋಡ್ಕೋತ ಇರ್ತಾರ. ಐದು ತಾಸು ಹಿಡೀತು. ಎಚ್ಚರ ಆದ ಕೂಡ್ಲೆ ಸರ್ಜನ್ನರು ಕೇಳಿದ ಮೊದಲನೇ ಮಾತು "ಅಜ್ಜಿ, ಕಾಲ ಬೆರಳು ಅಲ್ಲಾಡಸ್ರಿ". ಎಡಗಾಲು ಅಲ್ಲಾಡಿತು. ಬಲಗಾಲು ಅಲ್ಲಾಡ್ಲಿಲ್ಲ.

ಆ ನಾಕು ದಿನ ನಾ ಬರಿಯೂದಿಲ್ಲ. ಹುರಿ ಬಾತಿರ್ತದ, ಕೆಲವರಿಗೆ ಮೊದಲಿನಕಿಂತ ಕಡಿಮಿ ಆಗಿ ಆಮ್ಯಾಲ ಬರ್ತದ ಅಂತ ಹೇಳಿದ್ರು. ಹೇಳಿದ್ರು ಖರೆ, ನಾದಿನಿ ಕಾಟಿನ ಬಾಜೂ ಕೂತು ನನ್ನ ಮುಖಾ ನೋಡ್ತಿದ್ಲು, ನಾ ಆ ಹೆಬ್ಬೆರಳು ನೋಡ್ತಿದ್ದೆ. ಐದನೇ ದಿನ ಮುಂಜಾನೆ ಚಾದರ ಸರಿ ಮಾಡೂ ಮುಂದ ಅದು ಸ್ವಲ್ಪ ಎದ್ತು. ನಾದಿನೀನ ಮೊದಲು ಕಂಡದ್ದು.

ನೋಡ್ಕೊಳ್ಳೋರಿಗೆ ಬೇಕಾದ ಮಾತು ಇನ್ನ ಮುಂದ. ಮೊದಲ ಎರಡು ದಿನ ನೆಟ್ಟಗ ಮಲಗಿಸಿದ್ರು, ತಲಿ ಎತ್ತಂಗಿಲ್ಲ. ಹೊಲದ ಪೊರಿಯಿಂದ ಹುರಿ ಸುತ್ತಿನ ನೀರು ಸೋರಬಾರ್ದು ಅಂತ. ಪಟ್ಟಿ ತಿಳಿನೀರಿನಿಂದ ತೊಯ್ದ್ರ, ಎದ್ದು ಕೂತಾಗ ತಲಿ ಸಿಡದ್ರ ತಡ ಮಾಡ್ಲಾರದ ಹೇಳಬೇಕು. ಮಗ್ಗಲು ಬದಲಸೂ ಮುಂದ ಭುಜಾ, ಸೊಂಟ, ಕಾಲು ಒಂದ ಸಲ ಹೊಳ್ಳಬೇಕು, ಮರದ ದಿಮ್ಮಿ ಉರಳಿಸಿದಂಗ, ಮೂರು ಮಂದಿ ಬೇಕ. ಬಾವು ಇಳಸಾಕ ಕೊಡೋ ಸ್ಟಿರಾಯ್ಡಿಗೆ ಸಕ್ಕರಿ 300 ದಾಟಿತ್ತು, ಸ್ವಲ್ಪ ದಿನ ಇನ್ಸುಲಿನ್ ಕೊಟ್ರು. ಮಾತಾಡ್ಸಾಕ ಬಂದವ್ರು ಪೇಡೆ ತರ್ತಿದ್ರು, ನಾ ತಗೊಂಡ ಬೀರಿನ್ಯಾಗ ಇಡ್ತಿದ್ದೆ.

ಮೂತ್ರದ ನಳಗಿ ವಾರಕ್ಕ ತಗದ್ರು. ತಗದ ಮ್ಯಾಲ ಹೋಗಬೇಕು ಅನ್ನೋದು ಅವ್ರಿಗೆ ಗೊತ್ತಾಗ್ತಿರ್ಲಿಲ್ಲ, ಗಡಿಯಾರ ನೋಡಿ ಮೂರು ತಾಸಿಗೊಮ್ಮೆ ಕರಕೊಂಡ ಹೋಗ್ತಿದ್ವಿ. ಇದು ನಾಚಿಕಿ ವಿಷಯ ಅಂತ ಯಾರೂ ಬಾಯಿ ಬಿಡೂದಿಲ್ಲ, ಡಾಕ್ಟರ ಮುಂದ ಬಿಟ್ಟು ಹೇಳ್ರಿ. ಕೂಡೋ ಸಂಡಾಸದ ಮ್ಯಾಲ ಇಡೋ ತೂತಿನ ಕುರ್ಚಿ ತಂದ್ವಿ. ಮಲಬದ್ಧತೆ ಆಗಿ ತಿಣಕಬಾರ್ದು ಅಂತ ಇಸಬಗೋಲು, ಪಪ್ಪಾಯಿ. ಇನ್ನ, ಕಾಲಿಗೆ ಬಿಸಿ ಗೊತ್ತಾಗ್ತಿರ್ಲಿಲ್ಲ. ಬಿಸಿನೀರಿನ ಚೀಲ ಮನ್ಯಾಗಿಂದನ ತಗದ ಒಗದ್ವಿ, ನೀರು ನನ್ನ ಮೊಣಕೈಲೆ ನೋಡಿ ಆಮ್ಯಾಲ ಅವ್ರ ಕಾಲಿಗೆ.

ಗಂಟಿನ ರಿಪೋರ್ಟ್ ಗ್ರೇಡ್ 1 ಅಂತ ಬಂತು, ಅಂದ್ರ ಕ್ಯಾನ್ಸರ್ ಅಲ್ಲ. ಒಳಗ ಮರಳಿನಂಥ ಸುಣ್ಣದ ಕಾಳು ಇದ್ದುವಂತ. "ಜೋಳದ ಹಿಟ್ಟಿನಾಗಿನ ಹರಳು ಆರಸಿ ಆರಸಿ ಬೆನ್ನಾಗ ಕೂತಾವ" ಅಂದ್ರು ಅತ್ತಿಯವ್ರು. ಆಪರೇಶನ್ ಆದ ಮ್ಯಾಲ ಮೊದಲನೇ ಸಲ ನಕ್ಕಿದ್ರು.

ಮೂರು ತಿಂಗಳು ಫಿಜಿಯೋಥೆರಪಿ ಹುಡುಗ ಮನಿಗೆ ಬಂದ. ಮೊದಲು ಕಾಟಿನ ಅಂಚಿಗೆ ಕೂಡೂದು, ಆಮ್ಯಾಲ ವಾಕರ್, ಆಮ್ಯಾಲ ಕೋಲು. ಕನ್ನಡಿ ಮುಂದ ನಿಂತು ಕಾಲು ನೋಡ್ಕೋತ ಹೆಜ್ಜಿ ಇಡಸ್ತಿದ್ದ, ಕಾಲಿಗೆ ನೆಲ ಗೊತ್ತಾಗ್ಲಾರದ್ದಕ್ಕ ಕಣ್ಣೇ ಆ ಕೆಲಸ ಮಾಡಬೇಕಂತ. ದೀಪಾವಳಿಗೆ ಪಡಸಾಲಿ ತನಕ, ಸಂಕ್ರಾಂತಿಗೆ ತುಳಸಿ ಕಟ್ಟಿ ತನಕ. ನೆಲದ ಮ್ಯಾಲ ಕೂಡಂಗಿಲ್ಲ, ಅದಕ್ಕ ರೊಟ್ಟಿ ಹಂಚು ಗ್ಯಾಸ್ ಕಟ್ಟಿಗೆ ಬಂದದ. ನಿಂತು ರೊಟ್ಟಿ ಬಡದ್ರ ಸಪ್ಪಳ ಸಮಾ ಬರೂದಿಲ್ಲ ಅಂತ ಅವ್ರ ತಕರಾರು. ಈ ಯುಗಾದಿಗೆ ಕುರ್ಚಿ ಮ್ಯಾಲ ಕೂತು ಹೂರಣ ರುಬ್ಬಿದ್ರು, ಸಂಡಾಸಕ್ಕ ಅವ್ರ ಕಾಲ್ಲೆ ಅವ್ರ ಹೋಗ್ತಾರ. ಬಲ ಅಂಗಾಲು ಇನ್ನೂ ಜೋಮ ಅದ. ಅದು ಹಿಂಗ ಉಳದ್ರೂ ಉಳೀಬಹುದು ಅಂದಾರ ಡಾಕ್ಟರು. ಹಿಂದಿನ ಪಟ್ಟಿ ಇರೋ ಚಪ್ಪಲಿ ಹಾಕ್ಕೋತಾರ.

ಮೊನ್ನಿ ಎಂಆರ್‌ಐದಾಗ ಗಂಟಿನ ಚೂರೂ ಉಳದಿಲ್ಲ ಅಂತ ಬಂತು, ಇನ್ನ ವರ್ಷಕ್ಕೊಮ್ಮೆ ನೋಡಬೇಕು. ವಾಕರ್ ಮತ್ತ ತೂತಿನ ಕುರ್ಚಿ ತೊಳದು ಅಟ್ಟದ ಮ್ಯಾಲ ಇಟ್ಟೇನಿ. ಯಾರ ಮನ್ಯಾಗರೆ ಬೇಕಾದ್ರ ಬಂದು ಒಯ್ಯಿರಿ, ವಾಪಸ್ ಕೊಡೂ ಗಡಿಬಿಡಿ ಇಲ್ಲ.