ಸಂದಿಗೆ ಮೆತ್ತುವವರು

ಬೀಟೆ ಹಲಗೆಯಲ್ಲಿ ಕೂರಿಸಿದ ಗಿಣಿಯ ಅಂಟು ನಿನ್ನೆ ಆರಿತು. ರೆಕ್ಕೆಗೆ ಹಲಸು, ಕೊರಳಿಗೆ ಸಂಪಿಗೆ ಮರ. ಮೇಲಿನ ಕಾಗದ, ಅಂಟು, ಉಬ್ಬು ಎಲ್ಲ ಹೆರೆಯುತ್ತ ಹೋದೆ. ಗರಿಯ ಅಂಚುಗಳು ಒಂದೊಂದೇ ಗೆರೆಯಾಗಿ ಮೇಲೆದ್ದವು. ಉಗುರು ಆಡಿಸಿದರೆ ಎಲ್ಲೂ ತಡೆಯಲಿಲ್ಲ. ಮೈಸೂರಿನ ಇನ್‌ಲೇ ಕೆಲಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸುಖವಿಲ್ಲ.

ತುಂಡು ಕೊಯ್ಯುವಾಗ ಗರಗಸವನ್ನು ಕೂದಲೆಳೆಯಷ್ಟು ಓರೆ ಹಿಡಿಯಬೇಕು. ಮೇಲೆ ಅಗಲ, ತಳ ಕಿರಿದು. ಹಲಗೆಯಲ್ಲಿ ಕೊರೆದ ಗುಳಿಗೆ ಒತ್ತಿದರೆ ಬಿರಡೆಯ ಹಾಗೆ ಬಿಗಿಯುತ್ತದೆ. ಉಪ್ಪುಕಾಗದದ ಕೆಲಸ ಆಮೇಲಿನದು.

ಇಷ್ಟು ತಾಳ್ಮೆಯಿಲ್ಲದವರು ಬೀಟೆಯ ಹೊಟ್ಟನ್ನು ಅಂಟಿನಲ್ಲಿ ಕಲಸಿ ಸಂದಿಗೆ ಮೆತ್ತುತ್ತಾರೆ. "ಪಾಲಿಶ್ ಹೊಡೆದ್ರೆ ಗಿರಾಕಿಗೆಲ್ಲಿ ಕಾಣುತ್ತೆ ಬಿಡಿ ಸಾರ್" ಅಂದರು ಒಬ್ಬರು. ಕಾಣುತ್ತೆ ಸ್ವಾಮಿ! ಮಳವಳ್ಳಿಯ ಏಪ್ರಿಲ್ ಬಿಸಿಲಿಗೆ ಹಲಗೆ ಕುಗ್ಗುತ್ತದೆ, ಮಳೆಗಾಲಕ್ಕೆ ಹಿಗ್ಗುತ್ತದೆ. ಮೆತ್ತಿದ್ದು ಅದರ ಜೊತೆ ಆಡಲಾರದೆ ಬಿರುಕು ಬಿಟ್ಟು ಉದುರುತ್ತದೆ. ಹಲಸಿಗೆ ಹಳದಿ ಬಣ್ಣ ಬಳಿಯುವವರೂ ಇದ್ದಾರೆ. ಹಲಸಿಗೆ! ಹುಟ್ಟಾ ಹಳದಿಯಿದ್ದು, ವರ್ಷ ಕಳೆದ ಹಾಗೆ ಕಂದಾಗಿ ಮಾಗುವ ಮರಕ್ಕೆ! ಮೈ ಉರಿಯುತ್ತದೆ.

ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋದವರು ಗೋರಿ ನೋಡಿ ಬಂದುಬಿಡುತ್ತಾರೆ. ಕೂರಿಸುವ ಕೆಲಸ ಹೇಗಿರಬೇಕೆಂದು ತಿಳಿಯಲು ಅದರ ಬಾಗಿಲ ಮುಂದೆ ನಿಲ್ಲಿ. ಲಾರ್ಡ್ ಡಾಲ್‌ಹೌಸಿ ಕೊಡಿಸಿದ ಬಾಗಿಲುಗಳು. ಕಪ್ಪು ಮರದಲ್ಲಿ ಆನೆದಂತದ ಬಳ್ಳಿ. ನಮ್ಮ ದೇಶದ ಆನೆಗಳ ದಂತದ ವ್ಯಾಪಾರಕ್ಕೆ 1986ರಲ್ಲಿ ನಿಷೇಧ ಬಂತು, ಬರಲೇಬೇಕಿತ್ತು. ಆದರೆ ಅದರ ಜಾಗಕ್ಕೆ ಪ್ಲಾಸ್ಟಿಕ್ ತಂದದ್ದನ್ನು ನಾನು ಒಪ್ಪುವುದಿಲ್ಲ.

ಮೆತ್ತುವವರಿಗೆ ಕೊರಿಯಾದ ಕುಂಬಾರರನ್ನು ತೋರಿಸಬೇಕು. 12ನೇ ಶತಮಾನದಲ್ಲಿ, ಗೊರ್ಯೊ ಅರಸರ ಕಾಲದಲ್ಲಿ, ಅರೆ ಒಣಗಿದ ಜಾಡಿಯ ಮೈಯಲ್ಲಿ ಚಿತ್ತಾರ ಕೊರೆದು ಬಿಳಿ ಜೇಡಿ, ಕೆಂಪು ಜೇಡಿ ತುಂಬುತ್ತಿದ್ದರು. ಮೇಲೆ ಉಳಿದದ್ದನ್ನು ಹೆರೆದರೆ ಗೆರೆ ಏಳುತ್ತದೆ, ಥೇಟ್ ನಮ್ಮ ಹಾಗೆಯೇ. ಒಮ್ಮೆ ಸುಟ್ಟು, ಹಸಿರು ಗಾಜಿನ ಲೇಪ ಕೊಟ್ಟು, ಗಾಳಿ ಬಿಗಿ ಮಾಡಿದ ಗೂಡಿನಲ್ಲಿ ಮತ್ತೆ ಸುಟ್ಟರೆ ಕೆಂಪು ಜೇಡಿ ಕಪ್ಪಾಗುತ್ತದೆ. ತುಂಬಿದ ಜೇಡಿಯೂ ಜಾಡಿಯ ಜೇಡಿಯೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು, ಇಲ್ಲದಿದ್ದರೆ ಚಿತ್ತಾರ ಕಿತ್ತು ಬರುತ್ತದೆ. ಬೆಂಕಿಯ ಮುಂದೆ ಪಾಲಿಶ್ ನಡೆಯುವುದಿಲ್ಲ.

ಸೋಲ್ ನಗರದ ಕಾನ್ಸೊಂಗ್ ಸಂಗ್ರಹಾಲಯದಲ್ಲಿ ಕೊಕ್ಕರೆಗಳ ಜಾಡಿಯೊಂದಿದೆ. ವೃತ್ತಗಳ ಒಳಗಿನ ಕೊಕ್ಕರೆಗಳು ಮೇಲಕ್ಕೆ ಹಾರುತ್ತವೆ, ಹೊರಗಿನವು ಮೋಡಗಳ ನಡುವೆ ಕೆಳಕ್ಕೆ. ಜಾಡಿಯ ಮೈಯೆಲ್ಲ ಆಕಾಶ. ನಮ್ಮವರು ಇನ್ನೂ ಅಂಬಾರಿ ಆನೆಯನ್ನೇ ಕೊಯ್ಯುತ್ತಿದ್ದಾರೆ. ಇಲ್ಲೇ ಮದ್ದೂರಿನ ಹತ್ತಿರ ಕೊಕ್ಕರೆಬೆಳ್ಳೂರಿದೆ, ಊರೊಳಗಿನ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಆ ರೆಕ್ಕೆಯ ಕಪ್ಪು-ಬಿಳುಪನ್ನು ಮರದಲ್ಲಿ ಕೂರಿಸಿದ ಒಂದು ಹಲಗೆಯನ್ನೂ ನಾನು ಅಂಗಡಿಗಳಲ್ಲಿ ಕಂಡಿಲ್ಲ.