ಮೇಲೊಂದು ರೂಪಾಯಿ

ನಾನು ಹುಡುಗನಾಗಿದ್ದಾಗ ಬಂಗಾರಪೇಟೆಯಲ್ಲಿ ನಮ್ಮ ಬೀದಿಯ ಭಜನಮಂದಿರದಲ್ಲಿ ರಾಮನವಮಿಯ ಕೊನೆಯ ದಿನ ದೇವರ ಹಾರವನ್ನು ಹರಾಜು ಹಾಕುವ ಪದ್ಧತಿಯಿತ್ತು. ಹರಾಜು ನಡೆಸುವವರು ಸಂತೆಯಲ್ಲಿ ಕಂಠವನ್ನು ಪಳಗಿಸಿಕೊಂಡಿದ್ದ ಕೊಬ್ಬರಿಯ ವ್ಯಾಪಾರಿಯೊಬ್ಬರು. ಹತ್ತು ರೂಪಾಯಿಗೆ ಆರಂಭವಾದ ಕೂಗು ಐವತ್ತನ್ನು ಮುಟ್ಟುವವರೆಗೆ ಎಂಟಾಣೆ, ಒಂದು ರೂಪಾಯಿಗಳ ಏರಿಕೆಯನ್ನೂ ಅವರು ನಗುನಗುತ್ತಲೇ ಒಪ್ಪಿಕೊಳ್ಳುವರು. ಐವತ್ತು ದಾಟಿತೋ, "ಇನ್ನು ಐದೈದರಂತೆ ಕೂಗಿ ಸ್ವಾಮಿ, ಚಿಲ್ಲರೆ ಮಾತು ಸಾಕು" ಎಂದು ಸಾರಿಬಿಡುವರು. ಆ ಕ್ಷಣಕ್ಕೆ ಮಂದಿರವೆಲ್ಲ ನಿಶ್ಶಬ್ದ. ಅದುವರೆಗೆ ಹುರುಪಿನಿಂದ ಕೈಯೆತ್ತುತ್ತಿದ್ದವರು ಹೆಂಗಸರ ಸಾಲಿನಲ್ಲಿ ಕುಳಿತ ಪತ್ನಿಯ ಮುಖವನ್ನು ನೋಡತೊಡಗುವರು. ಐವತ್ತೊಂದು ರೂಪಾಯಿ ಹೆದರಿಸದಿದ್ದ ಜನರನ್ನು ಐದು ರೂಪಾಯಿಯ ಮೆಟ್ಟಿಲು ಹೆದರಿಸುತ್ತಿತ್ತು.

ಈ ಹಳೆಯ ದೃಶ್ಯ ಹೋದ ವರ್ಷ ಮತ್ತೆ ಕಣ್ಣಿಗೆ ಕಟ್ಟಿತು. ಹಳೆಯ ನಾಣ್ಯ, ಅಂಚೆಚೀಟಿ, ಚಿತ್ರದ ಕಾರ್ಡುಗಳನ್ನು ಅಂತರ್ಜಾಲದಲ್ಲಿ ಹರಾಜು ಹಾಕುವ ತಾಣವೊಂದರ ಚಟ ನನಗೆ ಹತ್ತಿದ್ದಿತು. ಮೊದಲ ಪಾಠ ಕೋಲಾರದ ಚಿನ್ನದ ಗಣಿಯ ಬಂಗಲೆಯೊಂದರ ಕಾರ್ಡಿನಿಂದ ಬಂತು. ಆರಂಭದ ಬೆಲೆ 100 ರೂಪಾಯಿ, ಮೆಟ್ಟಿಲು ಕೇವಲ 10. ಮುನ್ನೂರರ ಮೇಲೆ ಒಂದು ಕಾಸೂ ಇಲ್ಲವೆಂದು ಊಟಕ್ಕೆ ಮುಂಚೆ ನಿಶ್ಚಯಿಸಿದ್ದೆ. ಎದುರಾಳಿ 310 ಎಂದ. ಹತ್ತು ರೂಪಾಯಿಗಾಗಿ ಸೋಲುವುದೇ? 320 ಎಂದೆ. ಅವನು 330. ಹೀಗೆ ಒಂದೊಂದೇ ಹೆಜ್ಜೆ ಇಟ್ಟು ನಾನು 740ಕ್ಕೆ ಗೆದ್ದೆ. ಕಾರ್ಡಿಗೆ 740 ರೂಪಾಯಿ ಬೆಲೆಯುಂಟೇ ಎಂಬ ಪ್ರಶ್ನೆಯನ್ನು ಆ ರಾತ್ರಿ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮತ್ತೆ ಮತ್ತೆ ಕೇಳಿಕೊಂಡದ್ದು, ಹತ್ತು ರೂಪಾಯಿ ಹೆಚ್ಚೇ ಎಂದು. ರಸೀತಿಯನ್ನು ಪಂಚಾಂಗದ ಹಾಳೆಗಳ ನಡುವೆ ಬಚ್ಚಿಟ್ಟೆ. ಮನೆಯವಳಿಗೆ ಅದು ಯುಗಾದಿಯ ದಿನವೇ ಸಿಕ್ಕಿತು.

ಹಾಗಾದರೆ ಮೆಟ್ಟಿಲು ಸಣ್ಣದಿದ್ದಷ್ಟೂ ಮಾರುವವನಿಗೆ ಲಾಭವೆ? ಹಾಗೆಂದು ಹೇಳಲಾಗದು. ಸಣ್ಣ ಮೆಟ್ಟಿಲಿಗೆ ಜನ ಹೆಚ್ಚು ಸೇರುತ್ತಾರೆ. ಆಟ ಮಾತ್ರ ಆಮೆಯ ನಡೆ. ಮೆಟ್ಟಿಲು ದೊಡ್ಡದಾದರೆ ಹರಾಜು ಬೇಗ ಮುಗಿಯುತ್ತದೆ, ಆದರೆ ಸಾವಿರದ ಹಂತದಲ್ಲಿ ನೂರು ರೂಪಾಯಿಯ ಮೆಟ್ಟಿಲಿಟ್ಟಾಗ 1,060 ಕೊಡಲು ಸಿದ್ಧನಾಗಿದ್ದವನು ಬಾಯಿ ಮುಚ್ಚಿಕೊಂಡು ಎದ್ದುಹೋಗುತ್ತಾನೆ. ಆ ಅರುವತ್ತು ಮಾರುವವನಿಗೆ ನಷ್ಟ. ಆದುದರಿಂದಲೇ ಬೆಲೆಯೊಡನೆ ಮೆಟ್ಟಿಲೂ ಬೆಳೆಯುವಂತೆ ಪಟ್ಟಿ ಮಾಡುತ್ತಾರೆ. ಅಮೆರಿಕದ ಈ-ಬೇ ಸಂಸ್ಥೆಯ ಪಟ್ಟಿಯಲ್ಲಿ 25ರಿಂದ 100 ಡಾಲರಿನ ತನಕ ಮೆಟ್ಟಿಲು 1 ಡಾಲರು. ನೂರು ತಲುಪಿದರೆ ಎರಡೂವರೆ. ನಮ್ಮ ಕೊಬ್ಬರಿಯ ವ್ಯಾಪಾರಿ ಯಾವ ಪಟ್ಟಿಯನ್ನೂ ನೋಡಿದವರಲ್ಲ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಒಂದು ಸಂಜೆ ಆ ತಾಣದಲ್ಲಿ ಮತ್ತೊಂದು ಕಾರ್ಡು ಕಾಣಿಸಿತು. ಚಾಂಪಿಯನ್ ರೀಫ್ ಗಣಿಯ ಚಕ್ರಗೋಪುರ. ಅದರ ಬುಡದಲ್ಲಿ ರುಮಾಲು ಸುತ್ತಿದ ಕೆಲಸಗಾರರ ಸಾಲು. ಹಿಂಬದಿಯಲ್ಲಿ ಬೌರಿಂಗ್‌ಪೇಟೆಯ ಅಂಚೆಮುದ್ರೆ. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ಹೆಸರನ್ನು ನಮ್ಮೂರು ಹೊತ್ತಿದ್ದ ಕಾಲದ್ದು. ನನ್ನ ತಂದೆಯವರು ಮೂವತ್ತು ವರ್ಷ ಬುತ್ತಿ ಹಿಡಿದು, 1894ರಲ್ಲಿ ತೆರೆದ ಕವಲು ರೈಲುದಾರಿಯಲ್ಲಿ ಕೋರಮಂಡಲ, ಊರಿಗಾಂಗಳನ್ನು ದಾಟಿ, ಚಾಂಪಿಯನ್ನಿನಲ್ಲಿ ಇಳಿದು, ಅಂಥದೇ ಗೋಪುರದ ಕೆಳಗೆ ಭೂಮಿಯೊಳಕ್ಕೆ ಹೋಗುತ್ತಿದ್ದರು. ಆ ಗಣಿಯ ಆಳ ಮೂರು ಸಾವಿರ ಮೀಟರನ್ನೂ ಮೀರಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ತಂದೆಯವರು ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಅವರು ದುಡಿದ ಜಾಗದ ಒಂದು ಚಿತ್ರವೂ ನಮ್ಮ ಮನೆಯಲ್ಲಿರಲಿಲ್ಲ. ಎಂಬತ್ತೈದು ದಾಟಿದ ತಾಯಿಯ ಕೈಗೆ ಆ ಕಾರ್ಡನ್ನು ಕೊಡಬೇಕೆಂಬ ಆಸೆ ಹುಟ್ಟಿತು.

ಈ ಬಾರಿ ಜಾಣನಾಗಬೇಕೆಂದುಕೊಂಡೆ. ನಮ್ಮ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಬರೆದಿಟ್ಟರೆ, ಎದುರಾಳಿ ಏರಿದಾಗ ಮಾತ್ರ ಯಂತ್ರವೇ ನಮ್ಮ ಪರವಾಗಿ ಒಂದೊಂದು ಮೆಟ್ಟಿಲು ಏರುತ್ತದೆ. ಇದು ಗಣಕಯಂತ್ರದ ಹೊಸ ಬುದ್ಧಿಯೇನಲ್ಲ. 1893ರಷ್ಟು ಹಿಂದೆಯೇ ಅಮೆರಿಕದ ಅಂಚೆಚೀಟಿಯ ವ್ಯಾಪಾರಿಗಳು ಕಾಗದದಲ್ಲಿ ಬಂದ ಸವಾಲುಗಳನ್ನು ಹೆಚ್ಚುಕಡಿಮೆ ಹೀಗೆಯೇ ತೀರ್ಮಾನಿಸುತ್ತಿದ್ದರು. ನಾನು 2,000 ಎಂದು ಬರೆದೆ. ಬೆಲೆ 1,350ಕ್ಕೆ ಬಂದು ನಿಂತಿತು. ಸಾವಿರದ ಮೇಲೆ ಮೆಟ್ಟಿಲು ಐವತ್ತು ರೂಪಾಯಿ.

ಮುಗಿಯಲು ಕೆಲವೇ ಕ್ಷಣಗಳಿದ್ದಾಗ ತೆರೆ ಒಮ್ಮೆ ಮಿಣುಕಿತು. ಬೆಲೆ 2,001. ಕಾರ್ಡು ಬೇರೆಯವರ ಪಾಲಾಗಿತ್ತು.

ಐವತ್ತರ ಮೆಟ್ಟಿಲಿನಲ್ಲಿ ಒಂದು ರೂಪಾಯಿ ಹೇಗೆ ನುಸುಳಿತು? ಎರಡು ದಿನ ತಲೆಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಕಾಣಿಸುತ್ತಿದ್ದ 1,350ಕ್ಕಿಂತ ಒಂದು ಮೆಟ್ಟಿಲು ಮೇಲಿದ್ದರೆ ಯಾವ ಅಂಕೆಯನ್ನಾದರೂ ಬರೆಯಬಹುದು. ಬಚ್ಚಿಟ್ಟ ನನ್ನ ಎರಡು ಸಾವಿರಕ್ಕಿಂತ ಒಂದೇ ರೂಪಾಯಿ ಹೆಚ್ಚಿದ್ದರೂ ಗೆಲುವು ಅವನದೇ. ನನ್ನ 2,000 ಬಯಲಿನಲ್ಲಿ ಕಾಣಿಸುತ್ತಿದ್ದರೆ ಅವನು 2,050 ತೆರಬೇಕಾಗಿತ್ತು. ಅವನೂ ದುಂಡಾಗಿ 2,000 ಎಂದೇ ಬರೆದಿದ್ದರೆ, ಮೊದಲು ಬರೆದವನೆಂದು ಕಾರ್ಡು ನನ್ನದಾಗುತ್ತಿತ್ತು. ದುಂಡಗಿನ ಅಂಕೆಯ ಮೇಲೆ ನಮಗಿರುವ ಮೋಹವನ್ನು ಬಲ್ಲ ಯಾರೋ ಪುಣ್ಯಾತ್ಮ! ಮದುವೆಯ ಮುಯ್ಯಿಗೆ ನೂರರ ಮೇಲೊಂದು ಇಡಲು ಮರೆಯದ ನಾನು ಇಲ್ಲಿ ಮರೆತಿದ್ದೆ.

ಕೊನೆಯ ಗಳಿಗೆಯ ಈ ದಾಳಿಯನ್ನು ಕುರಿತು ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ ಎಂಬ ಪಂಡಿತರು 2002ರಲ್ಲಿ ಪ್ರಬಂಧ ಪ್ರಕಟಿಸಿದರು. ಗಡಿಯಾರ ನೋಡಿ ಮುಗಿಸುವ ಈ-ಬೇಯಲ್ಲಿ ಇದು ಹೆಚ್ಚು; ಹೊಸ ಸವಾಲು ಬಂದಾಗ ಸಮಯವನ್ನು ಹಿಗ್ಗಿಸುತ್ತಿದ್ದ ಅಮೆಜಾನಿನ ಅಂದಿನ ಹರಾಜಿನಲ್ಲಿ ಕಡಿಮೆ. ನಮ್ಮ ಕೊಬ್ಬರಿಯ ವ್ಯಾಪಾರಿಯೂ "ಎರಡು ಸಲ..." ಎಂದ ಮೇಲೆ ಗಂಟಲು ಸರಿಪಡಿಸಿಕೊಂಡು, ಎಲ್ಲರ ಮುಖವನ್ನೂ ನೋಡಿಯೇ "ಮೂರು ಸಲ" ಎನ್ನುತ್ತಿದ್ದರು.

ತಾಯಿಗೆ ಕಾರ್ಡಿನ ಚಿತ್ರವನ್ನು ಫೋನಿನಲ್ಲಿಯೇ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಗೋಪುರದ ಬುಡದಲ್ಲಿ ನಿಂತವರ ಮೇಲೆ ಬೆರಳಾಡಿಸಿದರು. ಬೆರಳು ತಗಲಿದಾಗಲೆಲ್ಲ ಚಿತ್ರ ಜಾರಿಹೋಗುತ್ತಿತ್ತು, ಮತ್ತೆ ತಂದುಕೊಟ್ಟೆ.

"ಎಷ್ಟಕ್ಕೆ ಹೋಯಿತು?"

"ಎರಡು ಸಾವಿರದ ಒಂದು."

"ನೀನೆಷ್ಟು ಕೂಗಿದ್ದೆ?"

ಹೇಳಿದೆ. ಅವರು ಫೋನನ್ನು ನನ್ನ ಕೈಗಿತ್ತು, "ಮೇಲೊಂದು ರೂಪಾಯಿ ಇಡಲು ನಿನಗೇನಾಗಿತ್ತೋ?" ಎಂದರು.