ಹತ್ತು ತಿಂಗಳ ಮಾಸ್ತರರು

ವಿಜಯಪುರದ ಸೊಲ್ಲಾಪುರ ರಸ್ತೆಯ ಆಸುಪಾಸಿರಲಿ, ತಿಕೋಟಾ, ಬಬಲೇಶ್ವರದ ಹಳ್ಳಿಗಳಿರಲಿ, ಸರ್ಕಾರಿ ಶಾಲೆಯಲ್ಲಿ ಖಾಲಿ ಹುದ್ದೆ ಇದ್ದಲ್ಲಿ ಪಾಠ ನಡೆಯುವುದು ಅತಿಥಿ ಶಿಕ್ಷಕರಿಂದ. 2025ರ ರಾಜ್ಯ ಬಜೆಟ್‌ನಲ್ಲಿ ಅವರ ತಿಂಗಳ ಗೌರವಧನ 2,000 ರೂಪಾಯಿ ಏರಿ ಪ್ರಾಥಮಿಕದಲ್ಲಿ 12,000, ಪ್ರೌಢಶಾಲೆಯಲ್ಲಿ 12,500 ಆಯಿತು. ಇದೇ ರಾಜ್ಯದಲ್ಲಿ 7ನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್‌ನಿಂದ ಸರ್ಕಾರಿ ನೌಕರರ ಕನಿಷ್ಠ ಮೂಲವೇತನವೇ 27,000. ಡಿ.ಇಡಿ., ಬಿ.ಇಡಿ. ಮುಗಿಸಿದವರಿಗೆ ಅದರ ಅರ್ಧವೂ ಸಿಗದು. ಬೇಸಿಗೆ ರಜೆಯಲ್ಲಂತೂ ಏನೂ ಇಲ್ಲ.

ಸ್ಪರ್ಧಾತ್ಮಕ ಪರೀಕ್ಷೆ ಪಾಸಾಗದವರಿಗೆ ಹೆಚ್ಚು ಸಂಬಳ ಯಾಕೆ ಅನ್ನುವ ಆಕ್ಷೇಪದಲ್ಲಿ ಹುರುಳಿದೆ. ಆದರೆ ನೇಮಕಾತಿ ನಿಯಮಿತವಾಗಿ ನಡೆಯಬೇಕಲ್ಲ! 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆದರೂ ಆಯ್ಕೆಪಟ್ಟಿ ಕೋರ್ಟ್ ಮೆಟ್ಟಿಲೇರಿ ತಡವಾಯಿತು. ನನಗೆ ಸಂಬಳಕ್ಕಿಂತ ದೊಡ್ಡ ನಷ್ಟವಾಗಿ ಕಾಣುವುದು ಕೌಶಲದ್ದು. ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಒಬ್ಬೊಬ್ಬರು ಒಂದೊಂದು ಹಂತದಲ್ಲಿರುತ್ತಾರೆ. ಯಾವ ಮಗು ಎಲ್ಲಿ ತಡವರಿಸುತ್ತಿದೆ ಎಂದು ಗುರುತಿಸುವ ಕಣ್ಣು ಪದವಿಪತ್ರದಿಂದ ಬರುವುದಿಲ್ಲ, ಅದೇ ಕೋಣೆಯಲ್ಲಿ ವರ್ಷಗಟ್ಟಲೆ ನಿಂತು ಬರುತ್ತದೆ. ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕುವ ಅತಿಥಿ ಶಿಕ್ಷಕರಿಗೆ ಆ ವರ್ಷಗಳ ಭರವಸೆಯೇ ಇಲ್ಲ. ಚೆನ್ನಾಗಿ ಕಲಿಸುವವರು ನಗರದ ಸೈನಿಕ ಶಾಲೆ, ನವೋದಯ ಪರೀಕ್ಷೆಗಳ ಕೋಚಿಂಗ್‌ ಕಡೆ ಹೋದರೆ ಅವರನ್ನು ಬೈಯುವುದು ಹೇಗೆ? ಇವರಿಗೆ ಹೆಚ್ಚು ಕೊಟ್ಟರೆ ಖಜಾನೆಗೆ ಭಾರ ಎನ್ನುವವರೂ ಇದ್ದಾರೆ. ಆದರೆ ನಾನು ಕೇಳುತ್ತಿರುವುದು ಹನ್ನೆರಡೂ ತಿಂಗಳ ಗೌರವಧನ, ಅದೇ ಶಾಲೆಯಲ್ಲಿ ಮೂರು ವರ್ಷದ ಒಪ್ಪಂದ: ಇಷ್ಟಕ್ಕೆ ಕಾಯಂ ವೇತನದಷ್ಟು ದುಡ್ಡೇನೂ ಬೇಕಿಲ್ಲ.